ಗಾಯದ ಪಟ್ಟಿಗೆ ಯಾವ ನ್ಯಾನೋ ಲೇಪ? ಬೆಳ್ಳಿ, ಸತು, ತಾಮ್ರ, ಕೈಟೋಸಾನ್‌ಗಳ ಹೋಲಿಕೆ

ಪ್ರಾಜೆಕ್ಟಿಗೆ ಬರುವ ವಿದ್ಯಾರ್ಥಿಗಳು ಮೊದಲು ಕೇಳುವುದು ಒಂದೇ ಮಾತು. "ಮೇಡಂ, ಗಾಜ್ ಬಟ್ಟೆಗೆ ಯಾವ ನ್ಯಾನೋ ಹಚ್ಚೋಣ?" ನಾನು ತಿರುಗಿ ಕೇಳುವುದೂ ಒಂದೇ. "ಯಾವ ಗಾಯಕ್ಕೆ?" ಅಲ್ಲಿಗೆ ಮಾತು ನಿಲ್ಲುತ್ತದೆ. ಬೆಳ್ಳಿ ಎಂದು ಮನಸ್ಸಿನಲ್ಲೇ ತೀರ್ಮಾನ ಆಗಿರುತ್ತದೆ. ಗಾಯದ ಯೋಚನೆ ಯಾರೂ ಮಾಡಿರುವುದಿಲ್ಲ.

ಈ ಬರಹ ಅಂಥವರಿಗಾಗಿ. ಲ್ಯಾಬಿನಲ್ಲಿ ನ್ಯಾನೋ, ಅಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳ ಲೇಪ ಹಚ್ಚಿ ಬ್ಯಾಕ್ಟೀರಿಯಾ ತಡೆಯುವ ಪಟ್ಟಿ ಮಾಡಲು ಹೊರಟವರಿಗೆ, ಅಥವಾ ಮಾಡಿದವರ ಮಾತು ಕೇಳಿ ದುಡ್ಡು ಹಾಕಲು ಹೊರಟವರಿಗೆ. ಮನೆಯಲ್ಲಿ ಯಾರಿಗಾದರೂ ಗಾಯ ಆಗಿದ್ದರೆ ಇದನ್ನು ಓದುತ್ತಾ ಕೂರಬೇಡಿ, ಡಾಕ್ಟರ ಹತ್ತಿರ ಹೋಗಿ.

ಉಂಗುರದ ಮೋಸ

ಹೋಲಿಕೆ ಶುರು ಮಾಡುವ ಮೊದಲು ಒಂದು ವಿಷಯ ಮುಗಿಸಿಬಿಡೋಣ. ಅಗರ್ ಎಂಬ ಜೆಲ್ಲಿ ತುಂಬಿದ ತಟ್ಟೆಯ ಮೇಲೆ ಬ್ಯಾಕ್ಟೀರಿಯಾ ಹರಡುತ್ತಾರೆ. ಮಧ್ಯೆ ಲೇಪ ಹಚ್ಚಿದ ಬಟ್ಟೆಯ ಬಿಲ್ಲೆ ಇಡುತ್ತಾರೆ. ಒಂದು ರಾತ್ರಿ 37 ಡಿಗ್ರಿಯಲ್ಲಿ ಬಿಡುತ್ತಾರೆ. ಬೆಳಿಗ್ಗೆ ನೋಡಿದರೆ ಬಿಲ್ಲೆಯ ಸುತ್ತ ಬ್ಯಾಕ್ಟೀರಿಯಾ ಇಲ್ಲದ ಖಾಲಿ ಉಂಗುರ. ಉಂಗುರ ದೊಡ್ಡದಾದಷ್ಟೂ ಲೇಪ ಒಳ್ಳೆಯದು ಎಂದು ಬರೆದು ಫೋಟೋ ಅಂಟಿಸುತ್ತಾರೆ.

ಆ ಉಂಗುರ ಹೇಳುವುದು ಬೇರೆಯೇ. ಬಟ್ಟೆಯಿಂದ ವಸ್ತು ಎಷ್ಟು ದೂರ ಹರಿದು ಹೋಯಿತು ಎನ್ನುವುದನ್ನು ಅದು ತೋರಿಸುತ್ತದೆ. ಎಷ್ಟು ಚೆನ್ನಾಗಿ ಕೊಲ್ಲುತ್ತದೆ ಎನ್ನುವುದು ಅದರಿಂದ ಗೊತ್ತಾಗುವುದಿಲ್ಲ. ಸೊಳ್ಳೆ ಬತ್ತಿ ಮತ್ತು ಸೊಳ್ಳೆ ಬ್ಯಾಟ್ ನೆನೆಸಿಕೊಳ್ಳಿ. ಬತ್ತಿಯ ಹೊಗೆ ಕೋಣೆ ತುಂಬಾ ಹರಡುತ್ತದೆ, ನಿಮ್ಮ ಮೂಗಿಗೂ ಹೋಗುತ್ತದೆ. ಬ್ಯಾಟ್ ಮುಟ್ಟಿದ ಸೊಳ್ಳೆಯನ್ನು ಮಾತ್ರ ಸುಡುತ್ತದೆ, ಆದರೆ ಗಾಳಿಗೆ ಏನನ್ನೂ ಬಿಡುವುದಿಲ್ಲ. ಲೇಪಗಳಲ್ಲೂ ಇದೇ ಎರಡು ಜಾತಿ. ಬೆಳ್ಳಿ ಬತ್ತಿ. ಬಟ್ಟೆಗೆ ರಾಸಾಯನಿಕವಾಗಿ ಬೆಸೆದ ಕೈಟೋಸಾನ್ (ಸೀಗಡಿ, ಏಡಿ ಸಿಪ್ಪೆಯ ವಸ್ತು) ಬ್ಯಾಟ್. ಉಂಗುರದ ಪರೀಕ್ಷೆಯಲ್ಲಿ ಬತ್ತಿ ಯಾವಾಗಲೂ ಗೆಲ್ಲುತ್ತದೆ, ಬ್ಯಾಟ್ ಸೊನ್ನೆ ಅಂಕ ತೆಗೆಯುತ್ತದೆ.

ನಾನು ಕಲಿಯುತ್ತಿದ್ದಾಗ ನಮ್ಮ ಗುಂಪೇ ಹೀಗೆ ಏಮಾರಿತ್ತು. ಬೆಸೆದ ಕೈಟೋಸಾನಿನ ಬಟ್ಟೆಗೆ ಉಂಗುರ ಬರಲಿಲ್ಲ ಎಂದು ಎರಡು ತಿಂಗಳ ಕೆಲಸ ಕಸದ ಬುಟ್ಟಿಗೆ ಹೋಯಿತು. ಉಳಿದಿದ್ದ ಒಂದು ತುಂಡನ್ನು ಸುಮ್ನೆ ಬ್ಯಾಕ್ಟೀರಿಯಾ ಇದ್ದ ಫ್ಲಾಸ್ಕಿನಲ್ಲಿ ಹಾಕಿ ಕುಲುಕಿದೆವು. ಮಾರನೆಯ ದಿನ ಎಣಿಸಲು ಬ್ಯಾಕ್ಟೀರಿಯಾವೇ ಸಿಗಲಿಲ್ಲ. ವಸ್ತು ಹೊರಗೆ ಬಿಡದ ಲೇಪಕ್ಕೆ ಈ ಕುಲುಕುವ ಪರೀಕ್ಷೆಯೇ ಸರಿ, ಅದಕ್ಕೆ ಎಎಸ್‌ಟಿಎಂ ಇ2149 ಎಂಬ ಮಾನಕ ಆಗಲೇ ಇತ್ತು. ನಾವು ಓದಿರಲಿಲ್ಲ ಅಷ್ಟೇ.

ಗಾಯ ಕೇಳುವುದೇನು?

ಸುಟ್ಟ ಗಾಯದಲ್ಲಿ ಚರ್ಮದ ತಡೆಗೋಡೆಯೇ ಹೋಗಿರುತ್ತದೆ. ನೀರು ಒಸರುತ್ತಲೇ ಇರುತ್ತದೆ. ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇಂಥ ಒದ್ದೆ ಜಾಗ ಬಹಳ ಇಷ್ಟ. ಪಟ್ಟಿ ಬದಲಿಸುವುದೆಂದರೆ ರೋಗಿಗೆ ಜೀವ ಹೋಗಿ ಬಂದ ಹಾಗೆ. ಹಾಗಾಗಿ ಒಮ್ಮೆ ಕಟ್ಟಿದ ಪಟ್ಟಿ ನಾಲ್ಕಾರು ದಿನ ಕೆಲಸ ಮಾಡುತ್ತಿರಬೇಕು, ಸ್ವಲ್ಪ ದೂರದ ಬ್ಯಾಕ್ಟೀರಿಯಾವನ್ನೂ ಮುಟ್ಟಬೇಕು. ಇಲ್ಲಿ ಬತ್ತಿ ಜಾತಿ ಬೇಕು.

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು ಬೇರೆ ಕಥೆ. ಅಲ್ಲಿ ಮೂಲ ತೊಂದರೆ ರಕ್ತ ಸರಿಯಾಗಿ ಹರಿಯದ್ದು, ನರ ಸತ್ತು ನೋವೇ ಗೊತ್ತಾಗದ್ದು, ಅದೇ ಜಾಗದ ಮೇಲೆ ಭಾರ ಬೀಳುತ್ತಲೇ ಇರುವುದು. ಬ್ಯಾಕ್ಟೀರಿಯಾ ಜಿಗುಟು ಪೊರೆ ಕಟ್ಟಿಕೊಂಡು ಕೂತಿರುತ್ತವೆ. ಅದನ್ನು ಕೆರೆದು ತೆಗೆಯದೆ ಮೇಲೆ ಯಾವ ನ್ಯಾನೋ ಇಟ್ಟರೂ ಪ್ರಯೋಜನ ಕಡಿಮೆ. ಪಾದದ ಹುಣ್ಣಿನ ಅಂತರರಾಷ್ಟ್ರೀಯ ತಜ್ಞರ ಗುಂಪು ಐಡಬ್ಲ್ಯುಜಿಡಿಎಫ್ 2023ರ ಮಾರ್ಗಸೂಚಿಯಲ್ಲಿ ನೇರವಾಗಿಯೇ ಹೇಳಿದೆ: ಹುಣ್ಣು ಮಾಯಿಸುವ ಉದ್ದೇಶಕ್ಕೆ ಬ್ಯಾಕ್ಟೀರಿಯಾ ಕೊಲ್ಲುವ ಡ್ರೆಸ್ಸಿಂಗ್ ಬಳಸಬೇಡಿ. ಆದರೂ ಪ್ರಾಜೆಕ್ಟ್ ವರದಿಗಳ ಮೊದಲ ಪ್ಯಾರಾ ಓದಿ ನೋಡಿ. ಅರ್ಧಕ್ಕರ್ಧ ಡಯಾಬಿಟಿಸ್ ಹುಣ್ಣಿನಿಂದಲೇ ಶುರುವಾಗುತ್ತವೆ.

ಆಪರೇಷನ್ ಆಗಿ ಹೊಲಿಗೆ ಹಾಕಿದ ಶುದ್ಧ ಗಾಯಕ್ಕೆ ಸಾಮಾನ್ಯವಾಗಿ ಇದು ಯಾವುದೂ ಬೇಡ. ಮೊಣಕಾಲು ತರಚಿದ್ದಕ್ಕೆ ನೀರು, ಸೋಪು ಸಾಕು.

ಬೆಳ್ಳಿ

ಇದಕ್ಕೆ ಇತಿಹಾಸ ದೊಡ್ಡದು. 1880ರ ದಶಕದಲ್ಲೇ ಜರ್ಮನಿಯ ಕಾರ್ಲ್ ಕ್ರೆಡೆ ಆಗತಾನೇ ಹುಟ್ಟಿದ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಿ ಕುರುಡುತನ ತಡೆದಿದ್ದರು. 1965ರಲ್ಲಿ ಅಮೆರಿಕದ ಮೋಯರ್ 0.5% ಸಿಲ್ವರ್ ನೈಟ್ರೇಟನ್ನು ಸುಟ್ಟ ಗಾಯಕ್ಕೆ ತಂದರು. 1968ರಲ್ಲಿ ಚಾರ್ಲ್ಸ್ ಫಾಕ್ಸ್ ಸಿಲ್ವರ್ ಸಲ್ಫಾಡಯಜೀನ್ ಮಾಡಿದರು. ಇವತ್ತಿಗೂ ನಮ್ಮ ಆಸ್ಪತ್ರೆಗಳಲ್ಲಿ ಸುಟ್ಟ ಗಾಯಕ್ಕೆ ಹಚ್ಚುವ ಬಿಳಿ ಕ್ರೀಮ್ ಅದೇ. 1990ರ ದಶಕದ ಕೊನೆಗೆ ನ್ಯಾನೋ ಹರಳಿನ ಬೆಳ್ಳಿ ಲೇಪಿಸಿದ ಆಕ್ಟಿಕೋಟ್ ಪಟ್ಟಿ ಮಾರುಕಟ್ಟೆಗೆ ಬಂತು. ಕ್ರೀಮನ್ನು ದಿನಕ್ಕೆ ಒಂದೆರಡು ಸಲ ತೊಳೆದು ಹಚ್ಚಬೇಕಿತ್ತು. ಆಕ್ಟಿಕೋಟನ್ನು ಮೂರು ದಿನ ಬಿಡಬಹುದಾಯಿತು. ಮುಂದೆ ಬಂದ ಇನ್ನೊಂದು ಮಾದರಿ ಏಳು ದಿನ. ನನ್ನ ಲೆಕ್ಕದಲ್ಲಿ ನ್ಯಾನೋದ ನಿಜವಾದ ಲಾಭ ಇಲ್ಲಿದೆ. ಕೊಲ್ಲುವ ಶಕ್ತಿಗಿಂತ ಪಟ್ಟಿ ಬಿಚ್ಚುವ ಸಲ ಕಡಿಮೆಯಾದದ್ದೇ ದೊಡ್ಡದು.

ಯಾಕೆ ನ್ಯಾನೋ ಅಂದರೆ ಮೇಲ್ಮೈ ಲೆಕ್ಕ. ಅದೇ ಒಂದು ಗ್ರಾಂ ಬೆಳ್ಳಿಯನ್ನು 1 ಮೈಕ್ರೋಮೀಟರ್ ಕಣದ ಬದಲು 10 ನ್ಯಾನೋಮೀಟರ್ ಕಣ ಮಾಡಿದರೆ ಮೇಲ್ಮೈ ನೂರು ಪಟ್ಟಾಗುತ್ತದೆ. ಬೆಳ್ಳಿಯ ಅಯಾನು, ಅಂದರೆ ವಿದ್ಯುತ್ ಅಂಶ ಹೊತ್ತ ಪರಮಾಣು, ಹೊರಬೀಳುವುದು ಮೇಲ್ಮೈಯಿಂದಲೇ. ಆ ಅಯಾನು ಬ್ಯಾಕ್ಟೀರಿಯಾದ ಪ್ರೋಟೀನಿನ ಗಂಧಕಕ್ಕೆ ಅಂಟಿಕೊಂಡು ಅದರ ಉಸಿರಾಟ ಕೆಡಿಸುತ್ತದೆ.

ಇಲ್ಲೇ ಗುಂಡಿ ಇದೆ. ಗಂಧಕ ಇರುವ ಪ್ರೋಟೀನು ಬ್ಯಾಕ್ಟೀರಿಯಾದಲ್ಲಿ ಮಾತ್ರ ಇರುವುದಲ್ಲ, ಗಾಯದ ರಸದಲ್ಲೂ ತುಂಬಿದೆ. ಕ್ಲೋರೈಡಂತೂ ಧಾರಾಳ. ಬೆಳ್ಳಿ ಅಯಾನು ಕ್ಲೋರೈಡ್ ಕಂಡರೆ ಕರಗದ ಸಿಲ್ವರ್ ಕ್ಲೋರೈಡ್ ಆಗಿ ಕೂತುಬಿಡುತ್ತದೆ. ಆಕ್ಟಿಕೋಟನ್ನು ನೆನೆಸಲು ಶುದ್ಧ ನೀರು ಬಳಸಿ, ಸಲೈನ್ (ಉಪ್ಪುನೀರು) ಬೇಡ ಎಂದು ಹೇಳುವುದು ಇದಕ್ಕೇ. ನಮ್ಮ ವಾರ್ಡುಗಳಲ್ಲಿ ಕೈಗೆ ಮೊದಲು ಸಿಗುವುದೇ ಸಲೈನ್ ಬಾಟಲಿ ಅಲ್ವಾ? ಸಲೈನ್ ಬಿದ್ದರೂ ಕೆಲಸ ಮಾಡುವ ಪಟ್ಟಿ ಮಾಡಿದವರಿಗೆ ಇಲ್ಲಿ ದೊಡ್ಡ ಗಿರಾಕಿ ಇದ್ದಾರೆ.

ಇನ್ನೊಂದು, ನಮ್ಮದೇ ಚರ್ಮದ ಜೀವಕೋಶಗಳು. ಬ್ಯಾಕ್ಟೀರಿಯಾ ಸಾಯುವ ಪ್ರಮಾಣಕ್ಕೂ ಹೊಸ ಚರ್ಮ ಕಟ್ಟುವ ಜೀವಕೋಶಗಳು ನರಳುವ ಪ್ರಮಾಣಕ್ಕೂ ನಡುವೆ ಅಂತರ ಸಣ್ಣದು. ಕೀವು ತುಂಬಿದಾಗ ಬೆಳ್ಳಿ ಉಪಕಾರಿ. ಗಾಯ ಶುದ್ಧವಾದ ಮೇಲೂ ಬಿಟ್ಟರೆ ಅದೇ ಅಡ್ಡಗಾಲು. ಎರಡು ವಾರ ನೋಡಿ, ಗುಣ ಕಾಣದಿದ್ದರೆ ಬದಲಿಸಿ ಎಂದು ತಜ್ಞರು ಹೇಳುವುದು ಈ ಕಾರಣಕ್ಕೂ ಹೌದು. ಬ್ರಿಟನ್ನಿನಲ್ಲಿ ಕಾಲಿನ ಹುಣ್ಣಿನ 213 ರೋಗಿಗಳ ಮೇಲೆ ನಡೆದ ವಲ್ಕನ್ ಪ್ರಯೋಗದ ಫಲಿತಾಂಶ 2009ರಲ್ಲಿ ಬಂತು. 12 ವಾರಕ್ಕೆ ಬೆಳ್ಳಿ ಪಟ್ಟಿಯವರಲ್ಲೂ ಸಾದಾ ಪಟ್ಟಿಯವರಲ್ಲೂ ಮಾಯ್ದ ಪ್ರಮಾಣ ಹೆಚ್ಚುಕಡಿಮೆ ಒಂದೇ. ಖರ್ಚು ಮಾತ್ರ ಬೆಳ್ಳಿಯದು ಜಾಸ್ತಿ.

ಬೆಳ್ಳಿಗೆ ಬ್ಯಾಕ್ಟೀರಿಯಾ ಒಗ್ಗಿಕೊಳ್ಳುವುದಿಲ್ಲ ಎಂಬ ಮಾತನ್ನೂ ನಂಬಬೇಡಿ. ಬಾಸ್ಟನ್ನಿನ ಒಂದು ಸುಟ್ಟಗಾಯದ ವಾರ್ಡಿನಲ್ಲಿ ಸಿಲ್ವರ್ ನೈಟ್ರೇಟಿಗೆ ಬಗ್ಗದ ಸಾಲ್ಮೊನೆಲ್ಲಾ ಸಿಕ್ಕಿದ್ದು 1975ರಷ್ಟು ಹಿಂದೆಯೇ ವರದಿಯಾಗಿದೆ.

ಒಂದು ಮಾತು ಅಡ್ಡ ಬರುತ್ತದೆ, ಹೇಳಿಬಿಡುತ್ತೇನೆ. ಎಲೆಯ ಕಷಾಯದಿಂದ ಬೆಳ್ಳಿ ಕಣ ಮಾಡುವ ಪ್ರಾಜೆಕ್ಟುಗಳು. ತುಳಸಿ, ಬೇವು, ನುಗ್ಗೆ, ಲೋಳೆಸರ ಎಲ್ಲ ಮುಗಿದಿವೆ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಿದ್ದರು. ಈಗ ಮದ್ದಾಗದೆ ಉಳಿದ ಹಿತ್ತಲ ಗಿಡವೇ ಇಲ್ಲ. ಸಿಲ್ವರ್ ನೈಟ್ರೇಟಿಗೆ ಕಷಾಯ ಹಾಕಿದರೆ ದ್ರಾವಣ ಹಳದಿ, ಆಮೇಲೆ ಕಂದು ಆಗುತ್ತದೆ, ನೋಡಲು ಚಂದ. ಆದರೆ ಮಳೆಗಾಲದ ಎಲೆಗೂ ಬೇಸಿಗೆಯ ಎಲೆಗೂ ಕಣದ ಗಾತ್ರ ಬೇರೆ ಬರುತ್ತದೆ. ಪ್ರತಿ ಸಲ ಒಂದೇ ಥರ ಬರಬೇಕಾದ ವಸ್ತುವಿಗೆ ಇದು ಸರಿಹೊಂದುವುದಿಲ್ಲ. ಕಲಿಯಲು ಮಾಡಿ, ಪಟ್ಟಿಗೆ ಬೇಡ.

ಸತುವಿನ ಆಕ್ಸೈಡ್

ಇದು ನಿಮಗೆ ಗೊತ್ತಿರುವ ವಸ್ತುವೇ. ಬೆವರುಗುಳ್ಳೆಗೆ ಹಚ್ಚುವ ಕ್ಯಾಲಮೈನ್ ಲೋಷನ್ನಿನಲ್ಲಿ ಇರುವುದು ಇದೇ, ಆ ಗುಲಾಬಿ ಬಣ್ಣ ಮಾತ್ರ ಕಬ್ಬಿಣದ ಆಕ್ಸೈಡಿನದು. ಅಗ್ಗ. ಬಿಳಿ. ಬಟ್ಟೆಗೆ ಕಲೆ ಆಗುವುದಿಲ್ಲ. ಬೆಳ್ಳಿ ಲೇಪದ ಬಟ್ಟೆ ಕಂದು ಬಣ್ಣಕ್ಕೆ ತಿರುಗಿ ಗಾಯದ ಬಣ್ಣವನ್ನೇ ಮರೆಮಾಡುತ್ತದೆ, ಇಲ್ಲಿ ಆ ತಾಪತ್ರಯ ಇಲ್ಲ.

ಕೆಲಸ ಮಾಡಲು ಬೆಳ್ಳಿಗಿಂತ ಬಹಳ ಜಾಸ್ತಿ ಪ್ರಮಾಣ ಬೇಕು. ಇನ್ನೊಂದು ಗಮನಿಸಬೇಕಾದದ್ದು ಬೆಳಕು. ಸತುವಿನ ಆಕ್ಸೈಡ್ ಬ್ಯಾಕ್ಟೀರಿಯಾ ಕೊಲ್ಲುವ ಒಂದು ದಾರಿ ನೇರಳಾತೀತ ಬೆಳಕು ಬಿದ್ದಾಗ ಹುಟ್ಟುವ ಚುರುಕು ಆಮ್ಲಜನಕ. ಲ್ಯಾಬಿನಲ್ಲಿ ದೀಪದ ಕೆಳಗೆ ಪರೀಕ್ಷೆ ಮಾಡಿ ಭರ್ಜರಿ ಫಲ ಬಂತು ಅನ್ನುತ್ತಾರೆ. ಮೂರು ಸುತ್ತು ಬ್ಯಾಂಡೇಜಿನ ಒಳಗೆ ಯಾವ ಬೆಳಕು? ಅಲ್ಲಿ ಉಳಿಯುವುದು ನಿಧಾನವಾಗಿ ಕರಗುವ ಸತುವಿನ ಅಯಾನು ಮತ್ತು ಕಣದ ಒರಟು ಮುಟ್ಟುವಿಕೆ ಮಾತ್ರ. ಹಾಗಾಗಿ ಕತ್ತಲಲ್ಲೂ ಪರೀಕ್ಷೆ ಮಾಡಿ, ಎರಡೂ ಅಂಕಿ ಬರೆಯಿರಿ. ಸಣ್ಣಪುಟ್ಟ ಗಾಯದ ಅಗ್ಗದ ಪಟ್ಟಿಗೆ ನನ್ನ ಮೊದಲ ಆಯ್ಕೆ ಇದೇ.

ತಾಮ್ರ

ತಾಮ್ರದ ಬಿಂದಿಗೆಯ ನೀರು ಎಂದರೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಬೆಂಗಳೂರಿನ ಆಯುರ್ವೇದ ಸಂಶೋಧಕರ ಗುಂಪೊಂದು ಬೇಕೆಂದೇ ಭೇದಿಯ ಬ್ಯಾಕ್ಟೀರಿಯಾ ಬೆರೆಸಿದ ನೀರನ್ನು 16 ಗಂಟೆ ತಾಮ್ರದ ಪಾತ್ರೆಯಲ್ಲಿಟ್ಟು, ಆಮೇಲೆ ಒಂದೂ ಬೆಳೆಯಲಿಲ್ಲ ಎಂದು 2012ರಲ್ಲಿ ಪ್ರಕಟಿಸಿತು. ಹಾಗಂತ ಬಿಂದಿಗೆಯ ನಂಬಿಕೆಯನ್ನು ಗಾಯಕ್ಕೆ ಹಾಗೇ ಕಟ್ಟಬೇಡಿ. ಕುಡಿಯುವ ನೀರಿನಲ್ಲಿ ಪ್ರೋಟೀನು ಇಲ್ಲ, ಗಾಯದಲ್ಲಿ ಇದೆ. ಬಿಂದಿಗೆಗೆ 16 ಗಂಟೆ ಸಮಯ ಇತ್ತು.

ತಾಮ್ರದ ಪರವಾಗಿ ಒಂದು ಗಟ್ಟಿ ಮಾತಿದೆ. ಹೊಸ ರಕ್ತನಾಳ ಹುಟ್ಟಲು, ಚರ್ಮಕ್ಕೆ ಬಲ ಕೊಡುವ ಕೊಲಾಜನ್ ಎಳೆಗಳು ಗಟ್ಟಿಯಾಗಲು ದೇಹಕ್ಕೇ ತಾಮ್ರ ಬೇಕು. ಬೆಳ್ಳಿಗೆ ದೇಹದಲ್ಲಿ ಅಂಥ ಕೆಲಸ ಯಾವುದೂ ಇಲ್ಲ. ತಾಮ್ರದ ಆಕ್ಸೈಡ್ ಸೇರಿಸಿದ ಡ್ರೆಸ್ಸಿಂಗುಗಳು ಈಗಾಗಲೇ ಮಾರಾಟದಲ್ಲಿವೆ. ಆದರೆ ಅವುಗಳಲ್ಲಿ ಕಣಗಳು ನಾರಿನ ಒಳಗೇ ಸೇರಿಕೊಂಡಿರುತ್ತವೆ, ಮೇಲೆ ಬಳಿದದ್ದಲ್ಲ. ಈ ವ್ಯತ್ಯಾಸ ದೊಡ್ಡದು. ಬರೀ ನ್ಯಾನೋ ತಾಮ್ರವನ್ನು ಮೇಲೆ ಬಳಿದರೆ ಅದು ಗಾಳಿಗೆ ಬಣ್ಣ ಬದಲಿಸುತ್ತದೆ, ಒಂದೇ ಸಲ ಜಾಸ್ತಿ ಬಿಟ್ಟುಕೊಟ್ಟು ಚರ್ಮದ ಜೀವಕೋಶಗಳನ್ನೂ ಸಾಯಿಸುತ್ತದೆ. ನಿಮ್ಮಲ್ಲಿ ನಾರು ಎಳೆಯುವ ಯಂತ್ರ ಇದ್ದರೆ ತಾಮ್ರಕ್ಕೆ ಕೈ ಹಾಕಿ, ಇಲ್ಲದಿದ್ದರೆ ಬಿಡಿ.

ಕೈಟೋಸಾನ್

ಸೀಗಡಿ, ಏಡಿ ಸಿಪ್ಪೆಯಿಂದ ಬರುವ ವಸ್ತು. ಮಂಗಳೂರು, ಮಲ್ಪೆ ಕಡೆ ರಾಶಿ ರಾಶಿ ಸಿಪ್ಪೆ ಬೀಳುತ್ತದೆ, ಕಚ್ಚಾ ಮಾಲಿಗೆ ಬರ ಇಲ್ಲ. ರಕ್ತ ನಿಲ್ಲಿಸುವುದರಲ್ಲಿ ಇದು ಗಟ್ಟಿಗ. ಅಮೆರಿಕದ ಸೈನಿಕರು ಇರಾಕ್, ಅಫ್ಘಾನಿಸ್ತಾನಗಳಲ್ಲಿ ಕಟ್ಟಿಕೊಂಡ ಹೆಮ್‌ಕಾನ್ ಪಟ್ಟಿ ಕೈಟೋಸಾನಿನದೇ. ನಮ್ಮ ದೇಶದಲ್ಲೇ ತಯಾರಾಗುವ ಆಕ್ಸಿಯೋಸ್ಟ್ಯಾಟ್ ಕೂಡ.

ಇದರ ಧನ ವಿದ್ಯುತ್ತಿನ ತುದಿಗಳು ಬ್ಯಾಕ್ಟೀರಿಯಾದ ಋಣ ವಿದ್ಯುತ್ತಿನ ಹೊದಿಕೆಯನ್ನು ಹಿಡಿದು ಹರಿದುಹಾಕುತ್ತವೆ. ಆದರೆ ಆ ಧನ ವಿದ್ಯುತ್ತು ಇರುವುದು ಪಿಎಚ್ (ಆಮ್ಲ-ಕ್ಷಾರದ ಅಳತೆ) ಸುಮಾರು 6.5ಕ್ಕಿಂತ ಕಡಿಮೆ ಇದ್ದಾಗ. ಹಳೆಯ ಹುಣ್ಣಿನ ಪಿಎಚ್ ಸಾಮಾನ್ಯವಾಗಿ 7ಕ್ಕಿಂತ ಮೇಲೆಯೇ. ಲ್ಯಾಬಿನಲ್ಲಿ ಅಸಿಟಿಕ್ ಆಮ್ಲದಲ್ಲಿ ಕರಗಿಸಿ ಪರೀಕ್ಷೆ ಮಾಡಿದ್ದೀರಿ, ಬ್ಯಾಕ್ಟೀರಿಯಾ ಸತ್ತಿದೆ. ಕೊಂದದ್ದು ಕೈಟೋಸಾನೋ ಆಮ್ಲವೋ? ಬರೀ ಆಮ್ಲ ಹಾಕಿದ ಬಟ್ಟೆಯನ್ನೂ ಪಕ್ಕದಲ್ಲಿಟ್ಟು ನೋಡಿದವರು ಬಹಳ ಕಡಿಮೆ. ನನ್ನ ಕೈಗೆ ಬಂದ ವರದಿಗಳಲ್ಲಿ ನಾನು ಮೊದಲು ಹುಡುಕುವುದೇ ಈ ಸಾಲು. ಪಿಎಚ್ ಏನೇ ಇದ್ದರೂ ಧನ ವಿದ್ಯುತ್ತು ಉಳಿಯುವಂತೆ ಮಾರ್ಪಡಿಸಿದ ಕ್ವಾಟರ್ನರಿ ಕೈಟೋಸಾನ್ ಇದಕ್ಕೆ ಪರಿಹಾರ.

ಕೈಟೋಸಾನಿನ ನಿಜವಾದ ಸೊಗಸು ಅಂಟಾಗಿ. ಹತ್ತಿಗೂ ಹಿಡಿಯುತ್ತದೆ, ಬೆಳ್ಳಿ ಕಣವನ್ನೂ ಹಿಡಿದಿಡುತ್ತದೆ. ಬೆಳ್ಳಿ ಒಮ್ಮೆಲೇ ಸುರಿಯದೆ ಸ್ವಲ್ಪ ಸ್ವಲ್ಪವೇ ಬರುತ್ತದೆ. ಹೀಗೆ ಜೋಡಿ ಮಾಡಿದರೆ ಬೆಳ್ಳಿ ಕಡಿಮೆ ಸಾಕಾಗುತ್ತದೆ.

ಗ್ರಾಫೀನ್ ಆಕ್ಸೈಡ್, ಚಿನ್ನದ ಕಣ, ಇತ್ಯಾದಿ

ಪ್ರಬಂಧಗಳಲ್ಲಿ ಮಿಂಚುತ್ತಿವೆ. ಪಟ್ಟಿಗೆ ಇನ್ನೂ ದೂರ. ಚಿನ್ನದ ಬೆಲೆ ನಿಮಗೇ ಗೊತ್ತು. ಗ್ರಾಫೀನ್ ಆಕ್ಸೈಡ್ ಬಗ್ಗೆ ಒಂದೇ ಎಚ್ಚರಿಕೆ: ಜೀವಕೋಶಗಳು ಬದುಕಿವೆಯೇ ಎಂದು ನೋಡುವ ಎಂಟಿಟಿ ಪರೀಕ್ಷೆಯ ಬಣ್ಣವನ್ನು ಅದು ತಾನೇ ಬದಲಿಸುತ್ತದೆ. ಸತ್ತ ಜೀವಕೋಶವೂ ಬದುಕಿದ ಹಾಗೆ ಕಾಣುತ್ತದೆ.

ಬಟ್ಟೆ ಯಾವುದು, ಹಚ್ಚುವುದು ಹೇಗೆ

ಎಲ್ಲರೂ ಗಾಜ್ ಬಟ್ಟೆ ತರುತ್ತಾರೆ, ಅಂಗಡಿಯಲ್ಲಿ ಸಿಗುತ್ತದಲ್ಲ. ಆದರೆ ಒಣಗಿದ ಗಾಜ್ ಗಾಯಕ್ಕೆ ಕಚ್ಚಿಕೊಳ್ಳುತ್ತದೆ. ಕಿತ್ತಾಗ ಹೊಸದಾಗಿ ಹುಟ್ಟಿದ ಚರ್ಮವೂ ಕಿತ್ತು ಬರುತ್ತದೆ. ಬ್ಯಾಕ್ಟೀರಿಯಾ ಸತ್ತಿರಬಹುದು, ಗಾಯ ಮಾತ್ರ ಮೊದಲಿನ ಜಾಗಕ್ಕೇ ಬಂತು. ಹೊರಗೆ ಅಂಟದ ಜಾಲರಿ, ಒಳಗೆ ಹೀರುವ ಪದರ ಎಂಬ ಆಕ್ಟಿಕೋಟಿನ ಕಟ್ಟಣೆ ಸುಮ್ನೆ ಮಾಡಿದ್ದಲ್ಲ.

ನಮ್ಮ ಕಡೆಯವರು ರೇಷ್ಮೆಯನ್ನು ಮರೆಯಬಾರದು. ರಾಮನಗರದ ಗೂಡನ್ನು ಬೇಯಿಸಿ ಅಂಟು ತೆಗೆದರೆ ಉಳಿಯುವ ಫೈಬ್ರೋಯಿನ್ ಎಂಬ ಪ್ರೋಟೀನು ದೇಹಕ್ಕೆ ಒಗ್ಗುತ್ತದೆ. ರೇಷ್ಮೆ ದಾರದಲ್ಲಿ ಹೊಲಿಗೆ ಹಾಕುತ್ತಾ ಬಂದದ್ದು ಎಷ್ಟೋ ಕಾಲದಿಂದ. ಬೆಂಗಳೂರಿನ ಫೈಬ್ರೋಹೀಲ್ ಎಂಬ ಕಂಪನಿ ರೇಷ್ಮೆ ಪ್ರೋಟೀನಿನಿಂದಲೇ ಗಾಯದ ಡ್ರೆಸ್ಸಿಂಗ್ ಮಾಡುತ್ತಿದೆ.

ಹಚ್ಚುವ ರೀತಿಗಳಲ್ಲಿ ಅದ್ದಿ, ಹಿಂಡಿ, ಒಣಗಿಸುವುದು ಅಗ್ಗ. ಜವಳಿ ಗಿರಣಿಯಲ್ಲೂ ಇದೇ ಯಂತ್ರ ಇರುತ್ತದೆ, ನಾಳೆ ದೊಡ್ಡದಾಗಿ ಮಾಡುವುದು ಸುಲಭ. ಆದರೆ ಅಂಟು ಇಲ್ಲದಿದ್ದರೆ ಕಣ ಪುಡಿಯಾಗಿ ಉದುರುತ್ತದೆ. ಬಟ್ಟೆಯನ್ನು ಸಿಲ್ವರ್ ನೈಟ್ರೇಟಿನಲ್ಲಿ ನೆನೆಸಿ ನಾರಿನ ಮೇಲೆಯೇ ಕಣ ಹುಟ್ಟಿಸಿದರೆ ಹಿಡಿತ ಚೆನ್ನಾಗಿರುತ್ತದೆ, ಗಾತ್ರ ಹತೋಟಿಗೆ ಸಿಗುವುದಿಲ್ಲ. ಶಬ್ದತರಂಗದ ತೊಟ್ಟಿಯಲ್ಲಿ ಕಣಗಳನ್ನು ನಾರಿಗೆ ಗುದ್ದಿ ಕೂರಿಸುವ ವಿಧಾನವನ್ನು ಇಸ್ರೇಲಿನ ಬಾರ್-ಇಲಾನ್ ವಿಶ್ವವಿದ್ಯಾಲಯದ ಗೆಡಾಂಕೆನ್ ಗುಂಪು ಬಹಳ ಬೆಳೆಸಿದೆ. ಸತುವಿಗೂ ತಾಮ್ರಕ್ಕೂ ಅದು ಚೆನ್ನಾಗಿ ಒದಗುತ್ತದೆ. ನಿರ್ವಾತದಲ್ಲಿ ಲೋಹ ಚಿಮ್ಮಿಸುವ ವಿಧಾನ ಎಲ್ಲಕ್ಕಿಂತ ಶುದ್ಧ, ಎಲ್ಲಕ್ಕಿಂತ ದುಬಾರಿ.

ಸ್ಟೆರಿಲೈಸ್ ಮಾಡುವುದು ಹೇಗೆ ಎನ್ನುವುದನ್ನೂ ಮೊದಲ ದಿನವೇ ಯೋಚಿಸಿ. ಆಟೋಕ್ಲೇವಿನ 121 ಡಿಗ್ರಿ ಹಬೆಗೆ ಕೈಟೋಸಾನ್ ಹಳದಿಯಾಗುತ್ತದೆ. ಗಾಮಾ ಕಿರಣ ಅದರ ಸರಪಳಿಯನ್ನು ತುಂಡು ಮಾಡುತ್ತದೆ. ಆರು ತಿಂಗಳು ಪರೀಕ್ಷೆ ಮಾಡಿದ್ದು ಒಂದು ವಸ್ತು, ರೋಗಿಗೆ ಕಟ್ಟುವುದು ಇನ್ನೊಂದು ಆಗಬಾರದು.

ಅಂಕಿಗಳನ್ನು ಓದುವಾಗ

ಶೇ. 99.9 ಬ್ಯಾಕ್ಟೀರಿಯಾ ಸತ್ತವು ಎಂದರೆ ಕಿವಿಗೆ ಇಂಪು. ಹತ್ತು ಲಕ್ಷದಲ್ಲಿ ಸಾವಿರ ಉಳಿದವು ಎಂದೂ ಅದರ ಅರ್ಥ. ಇ. ಕೋಲಿಗೆ ಒಳ್ಳೆಯ ಊಟ ಸಿಕ್ಕರೆ 20 ನಿಮಿಷಕ್ಕೆ ಎರಡಾಗುತ್ತದೆ. ಹತ್ತು ಸಲ ಎರಡಾದರೆ ಸಾವಿರ ಮತ್ತೆ ಹತ್ತು ಲಕ್ಷ. ಮೂರೂವರೆ ಗಂಟೆಯೂ ಬೇಡ. ಹಾಗಾಗಿ ಕೊಂದ ಪ್ರಮಾಣಕ್ಕಿಂತ ಎಷ್ಟು ಹೊತ್ತು ಕೊಲ್ಲುತ್ತಾ ಇತ್ತು ಎನ್ನುವುದು ಮುಖ್ಯ. ಮೊದಲ ಗಂಟೆ, ಮೊದಲ ದಿನ, ಮೂರನೆಯ ದಿನ, ಮೂರೂ ಅಳೆಯಿರಿ. ಎಎಟಿಸಿಸಿ 100 ಅಥವಾ ಐಎಸ್‌ಒ 20743 ಮಾನಕದಂತೆ ಎಣಿಸಿ. ಚರ್ಮದ ಜೀವಕೋಶಗಳಿಗೆ ಐಎಸ್‌ಒ 10993ರ 5ನೇ ಭಾಗ ಇದೆ. ಅದರಲ್ಲಿ ಬದುಕಿದ ಜೀವಕೋಶ ಶೇ. 70ಕ್ಕಿಂತ ಕೆಳಗೆ ಬಂದರೆ ಆ ಪಟ್ಟಿ ಜೀವಕೋಶಗಳಿಗೆ ವಿಷ ಎಂದೇ ಲೆಕ್ಕ.

ಮುಂದೆ ಮಾರುವ ಆಸೆ ಇದ್ದರೆ ಭಾರತದಲ್ಲಿ 2017ರ ವೈದ್ಯಕೀಯ ಸಾಧನಗಳ ನಿಯಮಗಳು ಅನ್ವಯಿಸುತ್ತವೆ. ಯುರೋಪಿನಲ್ಲಿ ನ್ಯಾನೋ ವಸ್ತುವಿಗೆಂದೇ ಬೇರೆ ನಿಯಮ ಇದೆ. ನ್ಯಾನೋ ಕಣ ದೇಹದ ಒಳಗೆ ಹೋಗುವ ಸಂಭವ ಎಷ್ಟೋ ಅಷ್ಟು ಮೇಲಿನ ವರ್ಗ, ಅಷ್ಟು ಬಿಗಿ ಪರೀಕ್ಷೆ. ಬತ್ತಿಯೋ ಬ್ಯಾಟೋ ಎಂದು ಅವರೂ ಕೇಳುತ್ತಿದ್ದಾರೆ, ಅಷ್ಟೇ.

ಹಾಗಾದರೆ ನಾನೇನು ಆರಿಸುತ್ತೇನೆ? ಕೈಯಲ್ಲಿ ಒಂದು ಸೆಮಿಸ್ಟರ್, ಸ್ವಲ್ಪ ದುಡ್ಡು ಇದ್ದರೆ ನಾನ್‌ವೋವೆನ್ ವಿಸ್ಕೋಸ್ ಬಟ್ಟೆಯ ಮೇಲೆ ಸತುವಿನ ಆಕ್ಸೈಡ್, ಅಂಟಾಗಿ ಕೈಟೋಸಾನ್. ಗುರಿ ಸಣ್ಣ ಗಾಯ. ಎರಡು ವರ್ಷ, ಜೊತೆಗೆ ಸುಟ್ಟಗಾಯ ನೋಡುವ ಡಾಕ್ಟರೊಬ್ಬರ ಸಹಕಾರ ಇದ್ದರೆ ಕೈಟೋಸಾನಿನಲ್ಲಿ ಹಿಡಿದಿಟ್ಟ ಕಡಿಮೆ ಬೆಳ್ಳಿ, ಅಂಟದ ಜಾಲರಿಯ ಮೇಲೆ. ಪಾದದ ಹುಣ್ಣು ಎಂದು ಹಟ ಹಿಡಿದವರಿಗೆ ಮೊದಲು ಒಂದು ವಾರ ಡ್ರೆಸ್ಸಿಂಗ್ ಕೋಣೆಯಲ್ಲಿ ನಿಂತು ನೋಡಿ ಬನ್ನಿ ಎನ್ನುತ್ತೇನೆ.

ಯಾವುದನ್ನೇ ಆರಿಸಿ, ಲೇಪ ಹಚ್ಚಿದ ಮೊದಲ ತುಂಡನ್ನು ಅಗರ್ ತಟ್ಟೆಗೆ ಇಡಬೇಡಿ. ಒಂದು ದಿನ ಸೀರಂನಲ್ಲಿ (ರಕ್ತದ ತಿಳಿ ದ್ರವ) ನೆನೆಸಿ, ಇನ್ನೊಂದು ತುಂಡನ್ನು ಸಲೈನಿನಲ್ಲಿ ನೆನೆಸಿ, ಆಮೇಲೆ ಬ್ಯಾಕ್ಟೀರಿಯಾದ ಜೊತೆ ಬಿಡಿ. ನಮ್ಮ ಲ್ಯಾಬಿನಲ್ಲಿ ಐದು ಲೇಪಗಳಿಂದ ಶುರು ಮಾಡಿದವರು ಈ ಹಂತ ದಾಟುವಾಗ ಎರಡಕ್ಕೆ ಇಳಿದಿರುತ್ತಾರೆ.